ಸರದಿ, ಸಂಬೋಧನೆ ಮತ್ತು ಅವಿನಯ: ದೂರದರ್ಶನದ ರಾಜಕೀಯ ಚರ್ಚೆಗಳ ವಿಶ್ಲೇಷಣಾಕ್ರಮವನ್ನು ಕುರಿತು

ದೂರದರ್ಶನದ ರಾಜಕೀಯ ಚರ್ಚೆಗಳಲ್ಲಿನ ಭಾಷಿಕ ಅವಿನಯವನ್ನು ಅಧ್ಯಯನ ಮಾಡುವವರಲ್ಲಿ ಹಲವರು ಜೊನಾಥನ್ ಕಲ್ಪೆಪರ್ 1996ರಲ್ಲಿ ಮಂಡಿಸಿದ ತಂತ್ರಗಳ ವರ್ಗೀಕರಣವನ್ನು ಆಧರಿಸುತ್ತಾರೆ. ಎದುರಾಳಿಯ ಮಾನಕ್ಕೆ ಧಕ್ಕೆ ತರುವ ಉಕ್ತಿಗಳನ್ನು ಆಯ್ದು, ವರ್ಗೀಕರಿಸಿ, ಎಣಿಸುವುದು ಇಲ್ಲಿನ ಕ್ರಮ. ಈ ಎಣಿಕೆಯು ಅವಿನಯದ ಹೊಣೆಯನ್ನು ತಪ್ಪು ವ್ಯಕ್ತಿಯ ಮೇಲೆ ಹೊರಿಸಬಲ್ಲುದೆಂಬುದು ನಮ್ಮ ಆಕ್ಷೇಪ.

2020ರ ಸೆಪ್ಟೆಂಬರ್ 29ರಂದು ಕ್ಲೀವ್‌ಲ್ಯಾಂಡಿನಲ್ಲಿ ನಡೆದ ಅಮೆರಿಕದ ಅಧ್ಯಕ್ಷೀಯ ಚರ್ಚೆಯನ್ನು ಗಮನಿಸೋಣ. ಸುಪ್ರೀಂ ಕೋರ್ಟ್ ಕುರಿತ ಭಾಗದಲ್ಲಿ ಡೊನಾಲ್ಡ್ ಟ್ರಂಪ್ ಮತ್ತೆ ಮತ್ತೆ ಮಾತಿಗೆ ಅಡ್ಡಬಂದಾಗ ಜೋ ಬೈಡನ್, ‘ವಿಲ್ ಯು ಶಟ್ ಅಪ್, ಮ್ಯಾನ್’ ಎಂದರು. ಉಕ್ತಿಯೊಂದನ್ನೇ ನೋಡಿದರೆ ಅವಿನಯ ಬೈಡನ್ ಅವರದು. ಅಡ್ಡಬಂದ ಮಾತುಗಳಲ್ಲಿ ಕೆಲವಾದರೂ ಪದಶಃ ಬರಿಯ ಪ್ರಶ್ನೆಗಳು. ಅವುಗಳ ಅವಿನಯ ಪದಗಳಲ್ಲಿಲ್ಲ, ಪರರ ಸರದಿಯನ್ನು ಕಸಿಯುವುದರಲ್ಲಿದೆ. ಅಡ್ಡಿಪಡಿಸುವಿಕೆಯನ್ನೂ ತಂತ್ರಗಳ ಪಟ್ಟಿಗೆ ಸೇರಿಸಬಹುದು, ನಿಜ. ಆದರೆ ಹಾಗೆ ಸೇರಿದೊಡನೆ ಅದು ಒಂದು ಬಿಡಿ ಘಟಕವಾಗುತ್ತದೆ. ಒಂದರ ಮೇಲೊಂದು ಕೂಡಿ ಪ್ರತ್ಯುತ್ತರವನ್ನು ಹೊರಡಿಸುವ ಅದರ ಪರಿಣಾಮ ಎಣಿಕೆಗೆ ದಕ್ಕುವುದಿಲ್ಲ. ಅಕ್ಟೋಬರ್ 22ರ ನ್ಯಾಶ್‌ವಿಲ್ ಚರ್ಚೆಯಲ್ಲಿ ಪ್ರತಿ ವಿಷಯದ ಆರಂಭದ ಎರಡೆರಡು ನಿಮಿಷಗಳ ಉತ್ತರದ ವೇಳೆ ಎದುರಾಳಿಯ ಮೈಕನ್ನು ಸ್ತಬ್ಧಗೊಳಿಸಲಾಯಿತು. ಅಂದರೆ ಆಯೋಜಕರು ನಿಯಂತ್ರಿಸಿದ್ದು ಪದಗಳನ್ನಲ್ಲ, ಸರದಿಯನ್ನು.

ಅದೇ ಉಕ್ತಿಯನ್ನು ಕನ್ನಡಕ್ಕೆ ತರುವಾಗ ಎರಡನೆಯ ತೊಡಕು ಕಾಣುತ್ತದೆ. ‘ಬಾಯಿ ಮುಚ್ಚುತ್ತೀಯಾ’ ಎನ್ನಬೇಕೆ, ‘ಬಾಯಿ ಮುಚ್ಚುತ್ತೀರಾ’ ಎನ್ನಬೇಕೆ? ಇಂಗ್ಲಿಷಿನಲ್ಲಿ ಅಧ್ಯಕ್ಷರನ್ನು ಸಲಿಗೆಯ ಮಟ್ಟಕ್ಕೆ ಇಳಿಸಿದ್ದು ‘ಮ್ಯಾನ್’ ಎಂಬ ಸಂಬೋಧನೆ, ಅದು ಐಚ್ಛಿಕ. ಕನ್ನಡದಲ್ಲಿ ಆ ಕೆಲಸ ಮಾಡುವುದು ಕ್ರಿಯಾಪದದ ಪ್ರತ್ಯಯ, ಅದು ಅನಿವಾರ್ಯ. ಬಹುವಚನದಲ್ಲಿ ಆರಂಭವಾದ ವಾಗ್ವಾದ ಏಕವಚನಕ್ಕೆ ಜಾರಿದಾಗ ಒಂದು ಬೈಗುಳವೂ ಇಲ್ಲದೆ ಅವಮಾನ ಸಂಭವಿಸುತ್ತದೆ. ‘ಏಕವಚನದಲ್ಲಿ ಮಾತಾಡಬೇಡಿ’ ಎಂಬ ನಮ್ಮ ದಿನಬಳಕೆಯ ಆಕ್ಷೇಪವೇ ಇದಕ್ಕೆ ಸಾಕ್ಷಿ. ಪ್ರತಿಯಾಗಿ, ‘ಹೇಳಿ ಸ್ವಾಮಿ’ ಎಂಬ ತುಂಬು ಬಹುವಚನವೇ ವ್ಯಂಗ್ಯದ ವಾಹಕವಾಗಬಲ್ಲುದು.

ಆದುದರಿಂದ ಇಂಗ್ಲಿಷ್ ಸಾಮಗ್ರಿಯಿಂದ ರೂಪುಗೊಂಡ ಪಟ್ಟಿಯನ್ನು ಕನ್ನಡದ ಚರ್ಚೆಗಳಿಗೆ ನೇರವಾಗಿ ಅನ್ವಯಿಸುವುದನ್ನು ನಾವು ಒಪ್ಪಲಾರೆವು. ವಚನಪಲ್ಲಟ ಯಾವ ಕ್ಷಣದಲ್ಲಿ, ಯಾರ ಸರದಿ ಮುರಿದ ಬಳಿಕ ನಡೆಯಿತೆಂಬುದನ್ನು ಮೊದಲು ಗುರುತಿಸಬೇಕು; ಎಣಿಕೆ ಆಮೇಲಿನ ಮಾತು.