ಒಂದೆಲಗದ ತಂಬುಳಿ

ಏಪ್ರಿಲ್ ಸೆಕೆಯಲ್ಲಿ ಸಂಜೆ ಮತ್ತೆ ಒಲೆಯ ಮುಂದೆ ನಿಲ್ಲುವುದೆಂದರೆ ಶಿಕ್ಷೆಯೇ. ಮಲೆನಾಡು, ಉತ್ತರ ಕನ್ನಡದ ಮನೆಗಳಲ್ಲಿ ಇದಕ್ಕೊಂದು ಉಪಾಯವಿದೆ: ತಂಬುಳಿ. ಅದರಲ್ಲೂ ನನ್ನ ಓಟು ಒಂದೆಲಗಕ್ಕೆ. ತೋಟದ ತೇವದಲ್ಲಿ, ಬಾವಿಕಟ್ಟೆಯ ಬುಡದಲ್ಲಿ ತಾನಾಗಿ ಹಬ್ಬುವ ಈ ಸೊಪ್ಪಿಗೆ ಕಾಸು ಕೊಡಬೇಕಿಲ್ಲ. ಬೇರುಸಹಿತ ಒಂದು ಹಿಡಿ ಕಿತ್ತು, ಮಣ್ಣು ಹೋಗುವಂತೆ ಎರಡು ಮೂರು ಸಲ ತೊಳೆದು, ಹಸಿಯಾಗಿಯೇ ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜತೆ ನುಣ್ಣಗೆ ರುಬ್ಬಬೇಕು. ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಮುಗಿಯಿತು. ಕುದಿಸುವ ಮಾತೇ ಇಲ್ಲ. ತಿಳಿಹಸಿರು ಬಣ್ಣ, ನಾಲಿಗೆಗೆ ಮೊದಲು ಸೊಪ್ಪಿನ ಸಣ್ಣ ಒಗರು, ಅದರ ಬೆನ್ನಿಗೇ ಮೆಣಸಿನ ಚುರುಕು. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆಗೆ ಒಂದು ನಿಮಿಷ ಸಾಕು; ಅಷ್ಟಕ್ಕೂ ಬೇಸರವೆಂದರೆ ಬಿಡಿ, ರುಚಿಗೇನೂ ಮೋಸವಿಲ್ಲ. ಮಜ್ಜಿಗೆ ಮಾತ್ರ ತೀರಾ ಹುಳಿ ಬಂದಿರಬಾರದು. ಒಂದೆಲಗ ಸಿಗದ ಪೇಟೆಯವರಿಗೆ ಹಸಿ ಶುಂಠಿಯದ್ದು ಇದ್ದೇ ಇದೆ. ಮೆಂತ್ಯದ್ದಾದರೆ ಕಾಳನ್ನು ಚೂರು ಹುರಿದುಕೊಳ್ಳಬೇಕು.

ತಂಬುಳಿಗೆ ಮಧ್ಯಾಹ್ನ ಉಳಿದ ಅನ್ನವೇ ಸಾಕು, ಅದೂ ಕುಚ್ಚಲಕ್ಕಿಯದಾದರೆ ಇನ್ನೂ ಹಿತ. ಬದಿಗೆ ಮಾವಿನ ಮಿಡಿ. ಕೊನೆಯಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದುಬಿಡುವವರ ಪಕ್ಷ ನನ್ನದು.