ಗಂಜಿಯಲ್ಲೇ ನಿಂತುಹೋದ ಪಥ್ಯ

ನ್ಯುಮೋನಿಯಾದಿಂದ ಎದ್ದು ಅಪ್ಪ ಮನೆಗೆ ಬಂದಾಗ ಅವರ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. 58 ಕೆ.ಜಿ. ಇದ್ದವರು 50ಕ್ಕೆ ಇಳಿದಿದ್ದರು. ನಾವು ಅಕ್ಕರೆಯಿಂದಲೇ ಪಥ್ಯ ಹಿಡಿದೆವು. ಮೂರು ಹೊತ್ತೂ ಗಂಜಿ, ನಂಚಿಕೊಳ್ಳಲು ಸುಟ್ಟ ಹಪ್ಪಳ, ನಿಂಬೆ ಉಪ್ಪಿನಕಾಯಿ. ನೋಡಲು ಬಂದವರು ಬ್ರೆಡ್ಡು, ಎಳನೀರು, ಗ್ಲುಕೋಸ್ ಪುಡಿ ತಂದರು. ಬಂದ ಹಿರಿಯರೆಲ್ಲ ಒಂದೊಂದು ಬಾಗಿಲು ಮುಚ್ಚಿ ಹೋದರು: ಬೇಳೆ ವಾಯು, ಮೊಟ್ಟೆ ಉಷ್ಣ, ಮೊಸರು ಶೀತ, ಕಡಲೆಕಾಯಿ ಪಿತ್ತ, ಬದನೆ ನಂಜು. ತಿಂಗಳು ಕಳೆದ ಮೇಲೆ ಅಡಿಕೆ ತೂಗುವ ತಕ್ಕಡಿಯ ಮೇಲೆ ಅಪ್ಪನನ್ನು ನಿಲ್ಲಿಸಿದೆವು. ಮುಳ್ಳು 50 ದಾಟಲಿಲ್ಲ.

ಅಂದಿನಿಂದ ನಮ್ಮ ಈ ಪಥ್ಯವನ್ನು ಪ್ರೀತಿಯಿಂದಲೂ ಅನುಮಾನದಿಂದಲೂ ನೋಡುತ್ತಿದ್ದೇನೆ.

ಮೊದಲು ಗಂಜಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಜ್ವರ ಬಿಟ್ಟ ಬಾಯಿಗೆ ಏನೂ ರುಚಿಸದಾಗ ಉಪ್ಪು ಬೆರೆಸಿದ ಬಿಸಿ ಗಂಜಿ ಗಂಟಲಲ್ಲಿ ಇಳಿಯುತ್ತದೆ. ಬೆವರು, ವಾಂತಿ, ಭೇದಿಗಳಲ್ಲಿ ಕಳೆದುಹೋದ ನೀರು, ಉಪ್ಪು ಮೈಗೆ ಮರಳುತ್ತವೆ. ಮೊದಲ ಎರಡು ಮೂರು ದಿನಗಳಿಗೆ ಇದಕ್ಕಿಂತ ಒಳ್ಳೆಯ ಆಹಾರ ನಮ್ಮ ಅಡುಗೆಮನೆಯಲ್ಲಿ ಸಿಗುವುದು ಕಷ್ಟ. ಅಜ್ಜಿಯಂದಿರು ತಪ್ಪಿರಲಿಲ್ಲ.

ತಪ್ಪಿದ್ದು ಲೆಕ್ಕ. ಒಂದು ಬಟ್ಟಲು ಗಂಜಿಗೆ ಬೀಳುವುದು ಸುಮಾರು 50 ಗ್ರಾಂ ಅಕ್ಕಿ. ಅದರಲ್ಲಿರುವುದು 175 ಕ್ಯಾಲೊರಿ, ಹೆಚ್ಚೆಂದರೆ 4 ಗ್ರಾಂ ಪ್ರೋಟೀನ್. ಮೂರು ಬಟ್ಟಲಿಗೆ 525 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಆಯಿತು. ಕಾಯಿಲೆಯಿಂದ ಚೇತರಿಸಿಕೊಳ್ಳುವ 50 ಕೆ.ಜಿ. ದೇಹಕ್ಕೆ ದಿನಕ್ಕೆ ಸುಮಾರು 1,500ರಿಂದ 1,750 ಕ್ಯಾಲೊರಿ, 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಹೊಟ್ಟೆ ತುಂಬಿದೆ ಎಂದು ಅಪ್ಪ ಹೇಳುತ್ತಿದ್ದರು. ತುಂಬಿದ್ದು ನೀರು. ನಾವು ರೋಗಿಯನ್ನು ಆರೈಕೆ ಮಾಡುತ್ತಲೇ ಉಪವಾಸ ಕೆಡವಿದ್ದೆವು.

ಇದಕ್ಕೆ ಸಂಪ್ರದಾಯವನ್ನು ದೂರುವಂತಿಲ್ಲ. ಪಂಚಕರ್ಮದ ಶೋಧನೆಯಾದ ಮೇಲೆ ಕುಗ್ಗಿದ ಅಗ್ನಿಯನ್ನು ಮತ್ತೆ ಹೊತ್ತಿಸಲು ಚರಕಸಂಹಿತೆ ಒಂದು ಆಹಾರಕ್ರಮ ಹೇಳುತ್ತದೆ. ಸಂಸರ್ಜನ ಕ್ರಮವೆಂದು ಅದರ ಹೆಸರು. ಮೊದಲು ಪೇಯ, ಅಂದರೆ ತೆಳು ಗಂಜಿ. ಆಮೇಲೆ ವಿಲೇಪಿ, ಅಂದರೆ ಗಟ್ಟಿ ಗಂಜಿ. ನಂತರ ಯೂಷ, ಅಂದರೆ ಕಾಳಿನ ಕಟ್ಟು. ಕೊನೆಗೆ ಮಾಂಸರಸ. ಏಳನೆಯ ದಿನದ ಹೊತ್ತಿಗೆ ಎಂದಿನ ಊಟ. ಅದು ಶೋಧನೆಯ ನಂತರದ ವಿಧಿ, ಎಲ್ಲ ಕಾಯಿಲೆಗಳಿಗೂ ಹೇಳಿದ್ದಲ್ಲ. ಆದರೆ ಅದರ ಒಳದನಿ ಸ್ಪಷ್ಟವಾಗಿದೆ: ಗಂಜಿ ಏಣಿಯ ಮೊದಲ ಮೆಟ್ಟಿಲು. ನಾವು ಆ ಮೆಟ್ಟಿಲನ್ನೇ ಮನೆಯೆಂದು ತಿಳಿದು ಕುಳಿತೆವು. ಪಥ್ಯ ಹಿಡಿಸುವುದನ್ನು ಕಲಿತೆವು, ಬಿಡಿಸುವುದನ್ನು ಮರೆತೆವು.

ಏಣಿ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದ ಒಂದು ದೊಡ್ಡ ಪ್ರಯೋಗವೇ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡ್‌ನಲ್ಲಿ ನಡೆಸಿದ 'ರೇಷನ್ಸ್' ಅಧ್ಯಯನ ಅದು. 2,800 ಕ್ಷಯರೋಗಿಗಳಿಗೆ ಔಷಧದ ಜೊತೆಗೆ ತಿಂಗಳಿಗೆ 10 ಕಿಲೋ ಆಹಾರದ ಬುಟ್ಟಿ ಕೊಟ್ಟರು: ಅಕ್ಕಿ 5 ಕಿಲೋ, ತೊಗರಿಬೇಳೆ 3 ಕಿಲೋ, ಹಾಲಿನ ಪುಡಿ ಒಂದೂವರೆ ಕಿಲೋ, ಅರ್ಧ ಲೀಟರ್ ಎಣ್ಣೆ. ಜೊತೆಗೆ ವಿಟಮಿನ್ ಮಾತ್ರೆ. ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಗಳಿಸಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ಎಲ್ಲ ರೋಗಿಗಳಿಗೂ ಬುಟ್ಟಿ ಸಿಕ್ಕಿದ್ದರಿಂದ ಇಡೀ ಲಾಭ ಆಹಾರದ್ದೇ ಎಂದು ಹೇಳಲಾಗದು. ಆದರೆ 45 ಕಿಲೋ ಮನುಷ್ಯನ ಎರಡೂಕಾಲು ಕಿಲೋ ತೂಕ ಎಷ್ಟು ಭಾರದ ಸಂಗತಿ ಎಂಬುದನ್ನು ಅದು ತೋರಿಸಿತು. ಆ ಬುಟ್ಟಿಯಲ್ಲಿ ದುಬಾರಿ ಡಬ್ಬಿ ಒಂದೂ ಇರಲಿಲ್ಲ. ಇದ್ದದ್ದೆಲ್ಲ ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವ ದಿನಸಿ.

ಡಬ್ಬಿಗಳ ಮೇಲಿನ ನಮ್ಮ ಭಕ್ತಿ ಕಡಿಮೆಯಾಗಬೇಕು. ಎಷ್ಟೋ 'ಶಕ್ತಿವರ್ಧಕ' ಪುಡಿಗಳ ಲೇಬಲ್ ಓದಿದರೆ ಸಕ್ಕರೆಯ ಹೆಸರು ಮುಂಚೂಣಿಯಲ್ಲೇ ಕಾಣುತ್ತದೆ. ಗ್ಲುಕೋಸ್ ಸಕ್ಕರೆಯೇ ಹೊರತು ಮಾಂಸಖಂಡ ಕಟ್ಟುವ ಸಾಮಗ್ರಿಯಲ್ಲ. ವೈದ್ಯರು ಹೇಳಿದ ಪುಡಿ ಬೇರೆ ಮಾತು; ನೋಡಲು ಬಂದವರ ಉಡುಗೊರೆಯನ್ನೇ ಔಷಧವೆಂದು ನಂಬುವುದು ಬೇರೆ.

ಹಾಗೆಂದು ಒಮ್ಮೆಲೇ ತುರುಕುವುದೂ ಅಪಾಯ. ವಾರಕ್ಕೂ ಹೆಚ್ಚು ಕಾಲ ಹೆಚ್ಚೇನೂ ತಿನ್ನದವರಿಗೆ ಇದ್ದಕ್ಕಿದ್ದಂತೆ ಭರ್ಜರಿ ಊಟ ಹಾಕಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಅಂಥವರನ್ನು ವೈದ್ಯರ ನಿಗಾದಲ್ಲಿ ನಿಧಾನವಾಗಿ ಮೇಲೆತ್ತಬೇಕು. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮೊದಲು ಕೇಳಲೇಬೇಕು. ಕಾರಣವೇ ತಿಳಿಯದೆ ತೂಕ ಇಳಿಯುತ್ತಿದ್ದರೆ ಮೊದಲು ಕಾರಣ ಹುಡುಕಬೇಕು. ಕ್ಷಯ, ಮಧುಮೇಹ, ಥೈರಾಯ್ಡ್, ಕ್ಯಾನ್ಸರ್ ಎಲ್ಲವೂ ಮನುಷ್ಯನನ್ನು ಸೊರಗಿಸಬಲ್ಲವು.

ವೈದ್ಯರನ್ನು ಕೇಳಿಕೊಂಡು ಅಪ್ಪನಿಗೆ ನಾವು ಅದೇ ಗಂಜಿಯನ್ನೇ ತಿದ್ದಿದೆವು. 50 ಗ್ರಾಂ ಅಕ್ಕಿಯ ಜೊತೆಗೆ 25 ಗ್ರಾಂ ಹೆಸರುಬೇಳೆ, ಇಳಿಸುವಾಗ ಎರಡು ಚಮಚ ತುಪ್ಪ, ಚಿಟಿಕೆ ಜೀರಿಗೆ. ಬಟ್ಟಲು ಅಷ್ಟೇ, ಕ್ಯಾಲೊರಿ ಇಮ್ಮಡಿ, ಪ್ರೋಟೀನ್ 10 ಗ್ರಾಂ. ನಡುವೆ ಮೊಟ್ಟೆ, ಹಾಲು, ಬೆಲ್ಲದ ಜೊತೆ ಹುರಿದ ಕಡಲೆಕಾಯಿ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ. ದಿನವೂ ಅಂಗಳದಲ್ಲಿ ನಾಲ್ಕು ಸುತ್ತು, ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು; ಮೈ ಆಡದಿದ್ದರೆ ತಿಂದದ್ದು ಮಾಂಸವಾಗುವ ಬದಲು ಕೊಬ್ಬಾಗಿ ಕೂರುತ್ತದೆ. ವಾರಕ್ಕೆ ಸುಮಾರು ಅರ್ಧ ಕಿಲೋದಂತೆ ತೂಕ ಏರಿತು. ಮೂರು ತಿಂಗಳಿಗೆ ಮುಳ್ಳು 56 ಮುಟ್ಟಿತು.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ನಮ್ಮ ಪಥ್ಯ ಒಳ್ಳೆಯದು, ಆದರೆ ಅದಕ್ಕೆ ಕೊನೆಯ ದಿನಾಂಕವಿಲ್ಲ, ತಕ್ಕಡಿಯೂ ಇಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಕಾಯಿಲೆಯಿಂದ ಎದ್ದಿದ್ದರೆ ಈ ಎರಡನ್ನೂ ಒದಗಿಸಿ. ಗಂಜಿಯ ನಂತರ ಬೇಳೆ ಯಾವತ್ತು, ಮೊಟ್ಟೆ ಅಥವಾ ಮೊಸರು ಯಾವತ್ತು, ಎಲ್ಲರೊಂದಿಗೆ ಎಲೆಯ ಮುಂದೆ ಕೂರುವುದು ಯಾವತ್ತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಪ್ರತಿ ಭಾನುವಾರ ಅದೇ ಹೊತ್ತಿಗೆ, ಅದೇ ತಕ್ಕಡಿಯಲ್ಲಿ ತೂಗಿ ಪಕ್ಕದಲ್ಲಿ ಬರೆದಿಡಿ.