‘ಟೀಚಬಲ್’: ಸಾಮರ್ಥ್ಯ ಯಾರದು?

ಇಂಗ್ಲಿಷಿನ ‘ಟೀಚಬಲ್’ ಪಾಠಕ್ಕೂ ವಿದ್ಯಾರ್ಥಿಗೂ ವಿಶೇಷಣವಾಗುತ್ತದೆ. ಎರಡಕ್ಕೂ ‘ಕಲಿಸಬಹುದಾದ’ ಎಂಬ ಒಂದೇ ಅರ್ಥ ಕೊಡುವುದು ಸಾಲದು. ಕನ್ನಡದ ಕೃದ್ವಾಚಿ ಕಾರಕವನ್ನು ಗುರುತಿಸದು: ‘ಕಲಿಸಬಹುದಾದ ಹುಡುಗಿ’ ಕಲಿಸುವವಳೂ ಆಗಬಹುದು, ಕಲಿಯುವವಳೂ ಆಗಬಹುದು. ‘ಕಲಿಯಬಲ್ಲ’ ಎಂದರೆ ಸಂದಿಗ್ಧ ನೀಗುತ್ತದೆ. ಆದರೆ ಸಾಮರ್ಥ್ಯದ ಹೊಣೆಯೆಲ್ಲ ಮಗುವಿನ ಮೇಲೆ ಬೀಳುತ್ತದೆ. ಅದರ ನಿಷೇಧರೂಪದಲ್ಲಿ ಇದು ಇನ್ನೂ ಸ್ಪಷ್ಟ: ಕಮ್ಮರಡಿಯ ಶಾಲೆಯೊಂದರ ವರದಿಯಲ್ಲಿ ಮಗು ‘ಕಲಿಯಲಾರದು’ ಎಂದು ಬರೆದರೆ, ಕಲಿಸುವವರು ವಾಕ್ಯದಿಂದಲೇ ಮರೆಯಾಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅರಿತು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವ ಕರ್ತವ್ಯವನ್ನು ಶಿಕ್ಷಕರಿಗೇ ವಹಿಸಿದೆ. ಆದುದರಿಂದ ವಿದ್ಯಾರ್ಥಿಯ ಕುರಿತು ‘ಕಲಿಸಿದರೆ ಕಲಿಯುವ’ ಎಂಬುದೇ ಮೇಲು: ಪ್ರೇರಣಾರ್ಥಕ ‘-ಇಸು’ ಇಬ್ಬರನ್ನೂ ವಾಕ್ಯದೊಳಗೆ ಉಳಿಸಿಕೊಳ್ಳುತ್ತದೆ.